ಅಕ್ವೇರಿಯಂ ಸಂಪ್: ಪಂಪ್ ಮತ್ತು ಓವರ್‌ಫ್ಲೋ ನೀರನ್ನು ಹೊಂದಿಸುವುದು ಹೇಗೆ?

ಪಂಪ್ ಮೇಲೆ ಕಳಿಸುವ ನೀರು, ಓವರ್‌ಫ್ಲೋದಿಂದ ಕೆಳಗೆ ಬರುವ ನೀರು, ಎರಡನ್ನೂ ಸಮ ಮಾಡುವುದು ಹೇಗೆ? ಹೊಸದಾಗಿ ಸಂಪ್ ಹಾಕಿಸಿದವರು ಕೇಳುವುದು ಇದನ್ನೇ. ನಮ್ಮ ಕಾಸರಗೋಡು ಕಡೆಯಲ್ಲಿ ಬದಿಯಡ್ಕದವರೂ ಕೇಳುತ್ತಾರೆ, ಮಂಜೇಶ್ವರದವರೂ ಕೇಳುತ್ತಾರೆ. ಕೆಲವರು ಪಂಪಿಗೊಂದು, ಇಳಿಯುವ ಪೈಪಿಗೊಂದು ವಾಲ್ವ್ ಹಾಕಿಸಿ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ತಿರುಗಿಸುತ್ತಾ ಇರುತ್ತಾರೆ. ಇನ್ನು ಕೆಲವರು ನೀರನ್ನು ಕೆಳಗೆ ತರಲೂ ಒಂದು ಪಂಪ್ ಇಡುತ್ತಾರೆ. ಈ ಎರಡನೆಯದನ್ನಂತೂ ಮಾಡಲೇಬೇಡಿ. ಎರಡು ಪಂಪುಗಳು ಒಂದೇ ಅಳತೆಯಲ್ಲಿ ಓಡುವುದು ಯಾವತ್ತೂ ಆಗುವ ಮಾತಲ್ಲ. ಗಂಟೆಗೆ 20 ಲೀಟರ್ ವ್ಯತ್ಯಾಸ ಬಂದರೂ ಬೆಳಗಾಗುವಷ್ಟರಲ್ಲಿ ಒಂದು ಟ್ಯಾಂಕ್ ತುಂಬಿ ಚೆಲ್ಲಿರುತ್ತದೆ.

ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ. ಮೀನು ಇರುವ ಮೇಲಿನ ಗಾಜಿನ ತೊಟ್ಟಿ ಮೇನ್ ಟ್ಯಾಂಕ್. ಸ್ಟ್ಯಾಂಡಿನ ಕೆಳಗೆ ಸ್ಪಂಜು, ಫಿಲ್ಟರ್ ಸಾಮಾನು, ಪಂಪ್ ಎಲ್ಲ ಇರುವ ಸಣ್ಣ ತೊಟ್ಟಿ ಸಂಪ್. ಮೇನ್ ಟ್ಯಾಂಕಿನ ಮೂಲೆಯಲ್ಲಿ, ಮೇಲಂಚಿಗೆ ಬಾಚಣಿಗೆಯ ಹಾಗೆ ಹಲ್ಲು ಕೊರೆದ ಪೆಟ್ಟಿಗೆ ಇರುತ್ತದಲ್ಲ, ಅದು ಓವರ್‌ಫ್ಲೋ ಬಾಕ್ಸ್. ಅಲ್ಲಿಂದ ಸಂಪಿಗೆ ಇಳಿಯುವುದು ಡ್ರೈನ್ ಪೈಪ್. ಪಂಪಿನಿಂದ ಮೇಲಕ್ಕೆ ಹೋಗುವುದು ರಿಟರ್ನ್ ಪೈಪ್.

ಈಗ ಉತ್ತರ. ಸಮ ಮಾಡುವ ಕೆಲಸ ನಿಮ್ಮದಲ್ಲ, ನೀರೇ ಅದನ್ನು ಮಾಡಿಕೊಳ್ಳುತ್ತದೆ. ಪಂಪ್ ಎಷ್ಟು ನೀರು ಮೇಲೆ ಹಾಕುತ್ತದೋ ಅಷ್ಟೇ ನೀರು ಹಲ್ಲು ದಾಟಿ ಕೆಳಗೆ ಬೀಳುತ್ತದೆ, ಒಂದು ಲೋಟ ಜಾಸ್ತಿಯೂ ಇಲ್ಲ. ತೋಡಿಗೆ (ಸಣ್ಣ ಹಳ್ಳಕ್ಕೆ) ಹಾಕಿದ ಕಟ್ಟವನ್ನು, ಅಂದರೆ ಒಡ್ಡನ್ನು ನೋಡಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಮೇಲಿನಿಂದ ನೀರು ಜಾಸ್ತಿ ಬಂದರೆ ಕಟ್ಟದ ಮೇಲೆ ನೀರಿನ ಪದರ ಸ್ವಲ್ಪ ದಪ್ಪ ಆಗುತ್ತದೆ, ಬಂದದ್ದೆಲ್ಲ ದಾಟಿ ಹೋಗುತ್ತದೆ. ಟ್ಯಾಂಕಿನಲ್ಲಿ ಆಗುವುದೂ ಅದೇ. ನೀವು ನೋಡಿಕೊಳ್ಳಬೇಕಾದದ್ದು ಮೂರು. ಡ್ರೈನ್ ಪೈಪಿನ ತಾಕತ್ತು ಪಂಪಿನದಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ಕರೆಂಟ್ ಹೋದಾಗ ಸಂಪ್ ಉಕ್ಕಬಾರದು. ಡ್ರೈನ್ ಕಟ್ಟಿಕೊಂಡಾಗ ಮೇನ್ ಟ್ಯಾಂಕ್ ಉಕ್ಕಬಾರದು. ವಾಲ್ವ್ ಇರುವುದು ಮುಖ್ಯವಾಗಿ ಸದ್ದು ಕಡಿಮೆ ಮಾಡಲು.

ಲೆಕ್ಕಕ್ಕೆ ಒಂದೇ ಟ್ಯಾಂಕನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೇನ್ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸೆಂಟಿಮೀಟರಿನಲ್ಲಿ ಸುಮಾರು 120, 45, 45. ಇದರಲ್ಲಿ ನೀರಿನ ಮಟ್ಟ 1 ಸೆಂ.ಮೀ ಏರಿದರೆ ಅಥವಾ ಇಳಿದರೆ 5.4 ಲೀಟರ್. ಸಂಪ್ 75 ಸೆಂ.ಮೀ ಉದ್ದ, 35 ಅಗಲ, 35 ಎತ್ತರ. ಅದರಲ್ಲಿ 1 ಸೆಂ.ಮೀ ಅಂದರೆ ಸುಮಾರು 2.6 ಲೀಟರ್. ನಿಮ್ಮ ಟ್ಯಾಂಕಿಗೆ ಉದ್ದ, ಅಗಲ ಗುಣಿಸಿ 1000ದಿಂದ ಭಾಗಿಸಿ, ನಿಮ್ಮ ಅಂಕಿ ಸಿಗುತ್ತದೆ. ಈ ಎರಡು ಅಂಕಿಗಳನ್ನು ಬರೆದು ಸ್ಟ್ಯಾಂಡಿನ ಬಾಗಿಲ ಒಳಗೆ ಅಂಟಿಸಿಡಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಬೇಕಾಗುವ ಸಾಮಾನು

10 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಅಳತೆ ಟೇಪ್, ಅಳಿಸಿಹೋಗದ ಮಾರ್ಕರ್ ಪೆನ್. ಪೈಪ್ ಕೆಲಸಕ್ಕೆ ಹ್ಯಾಕ್ಸಾ ಬ್ಲೇಡ್, ಪಿವಿಸಿ ಸೊಲ್ಯೂಷನ್, ಟೆಫ್ಲಾನ್ ಟೇಪ್, ಎಲ್ಬೋ, ಟೀ, ಟ್ಯಾಂಕ್ ಕನೆಕ್ಟರ್ (ಗಾಜಿನ ತೂತಿಗೆ ವಾಷರ್ ಸಹಿತ ಕೂರಿಸುವ ಜೋಡಣೆ), ಎರಡು ಯೂನಿಯನ್ (ಪೈಪ್ ಕತ್ತರಿಸದೆ ತಿರುಗಿಸಿ ಬಿಚ್ಚಬಹುದಾದ ಜೋಡಣೆ), ಒಂದು ಪಿವಿಸಿ ಗೇಟ್ ವಾಲ್ವ್.

ಗೇಟ್ ವಾಲ್ವ್ ಅಂದರೆ ಚಕ್ರದ ಹಾಗೆ ಹಲವು ಸುತ್ತು ತಿರುಗಿಸುವಂಥದ್ದು. ತೋಟದಲ್ಲಿ ಎಲ್ಲ ಕಡೆ ಕಾಣುವ ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ಮುಚ್ಚುತ್ತದೆ. ಸೂಕ್ಷ್ಮವಾಗಿ ಹೊಂದಿಸಲು ಅದರಲ್ಲಿ ಆಗುವುದಿಲ್ಲ, ಕೂದಲೆಳೆ ಸರಿಸಿದರೂ ನೀರು ಏರುಪೇರಾಗುತ್ತದೆ. ಅಂಗಡಿಯವರು ಹಿತ್ತಾಳೆಯ ಗೇಟ್ ವಾಲ್ವ್ ಕೊಟ್ಟರೆ ಬೇಡ ಅನ್ನಿ. ಹಿತ್ತಾಳೆಯಲ್ಲಿರುವ ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ.

ಇಲ್ಲಿ ಒಂದು ಎಡವಟ್ಟು ತುಂಬ ಜನಕ್ಕೆ ಆಗುತ್ತದೆ. ಮನೆಯ ಹಿಂದೆ ಅಡಿಕೆ ತೋಟದ ಪೈಪಿನ ತುಂಡುಗಳು ಬಿದ್ದಿರುತ್ತವೆ, ಅದನ್ನೇ ಬಳಸೋಣ ಅಂತ ತೆಗೆದುಕೊಳ್ಳುತ್ತಾರೆ. ತಪ್ಪಿಲ್ಲ. ಆದರೆ ತೋಟದ ಪೈಪಿನ ಅಳತೆ ಮಿಲಿಮೀಟರಿನದ್ದು. ಒಂದಿಂಚು ಅಂತ ಕರೆದರೂ ಅದರ ಹೊರಗಿನ ವ್ಯಾಸ 32 ಮಿ.ಮೀ. ಮನೆಯ ಪ್ಲಂಬಿಂಗಿನ ಬಿಳಿ ಯುಪಿವಿಸಿ ಒಂದಿಂಚಿನ ಪೈಪಿಗೆ 33.4 ಮಿ.ಮೀ. ಒಂದರ ಎಲ್ಬೋ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಸೊಲ್ಯೂಷನ್ ದಪ್ಪ ಬಳಿದು ಕೂರಿಸಿದರೆ ಸದ್ಯಕ್ಕೆ ನಿಲ್ಲಬಹುದು, ಆದರೆ ಜಿನುಗುವುದು ಗ್ಯಾರಂಟಿ. ಎಲ್ಲವನ್ನೂ ಒಂದೇ ಜಾತಿಯಲ್ಲಿ ಕೊಳ್ಳಿ. ಕೀಟನಾಶಕ ಅಥವಾ ಗೊಬ್ಬರದ ನೀರು ಹರಿದ ಹಳೆಯ ಪೈಪನ್ನು ಮುಟ್ಟಲೂ ಬೇಡಿ.

ಹಂತ 1: ಎಷ್ಟು ನೀರು ಸುತ್ತಬೇಕು?

ಸಿಹಿನೀರಿನ ಟ್ಯಾಂಕಿಗೆ ಗಂಟೆಗೆ ಟ್ಯಾಂಕಿನ ನೀರಿನ 4ರಿಂದ 6 ಪಟ್ಟು ಸಾಕು. ಗಿಡಗಳ ಟ್ಯಾಂಕಾದರೆ ಇದರಲ್ಲಿ ಕಡಿಮೆ ಕಡೆಗೇ ಇರಲಿ, ಗೋಲ್ಡ್‌ಫಿಷ್‌ನಂಥ ಗಲೀಜು ಮಾಡುವ ಮೀನಿದ್ದರೆ ಸ್ವಲ್ಪ ಜಾಸ್ತಿ. ನಮ್ಮ ಉದಾಹರಣೆಯ ಟ್ಯಾಂಕಿನಲ್ಲಿ ಸುಮಾರು 200 ಲೀಟರ್ ನೀರಿದೆ, 6 ಪಟ್ಟು ಅಂದರೆ ಗಂಟೆಗೆ 1200 ಲೀಟರ್. ಹತ್ತು ಪಟ್ಟು, ಹದಿನೈದು ಪಟ್ಟು ಸುತ್ತಿಸಿದರೆ ನೀರು ಜಾಸ್ತಿ ಶುದ್ಧ ಆಗುತ್ತದೆ ಅನ್ನುವುದು ಸುಮ್ನೆ. ಸದ್ದು, ಗುಳ್ಳೆ, ಕರೆಂಟ್ ಬಿಲ್ಲು ಮಾತ್ರ ಜಾಸ್ತಿ ಆಗುತ್ತದೆ.

ಹಂತ 2: ಪಂಪ್ ಆರಿಸುವುದು

ಡಬ್ಬಿಯ ಮೇಲೆ 2500 ಲೀಟರ್ ಅಂತ ಬರೆದಿದ್ದರೆ ಅದು ನೀರನ್ನು ಒಂದಿಂಚೂ ಎತ್ತದಿದ್ದಾಗಿನ ಲೆಕ್ಕ. ಪಕ್ಕದಲ್ಲೇ ಎಚ್ ಮ್ಯಾಕ್ಸ್ ಅಂತ ಇನ್ನೊಂದು ಅಂಕಿ ಇರುತ್ತದೆ, 2.5 ಮೀಟರ್ ಅಂತಿಟ್ಟುಕೊಳ್ಳಿ. ಅಷ್ಟು ಎತ್ತರಕ್ಕೆ ಹೋದಾಗ ಆ ಪಂಪ್ ಒಂದು ಹನಿಯನ್ನೂ ಹಾಕುವುದಿಲ್ಲ. ಇವೆರಡರ ನಡುವೆ ನೀರು ಹೆಚ್ಚುಕಡಿಮೆ ಒಂದೇ ಸಮ ಇಳಿಯುತ್ತದೆ ಅಂತ ಹಿಡಿದರೆ ಕೆಲಸಕ್ಕೆ ಸಾಕು.

ಎತ್ತರ ಅಳೆಯಬೇಕಾದದ್ದು ಸಂಪಿನಲ್ಲಿ ಪಂಪ್ ಇರುವ ಭಾಗದ ನೀರಿನ ಮಟ್ಟದಿಂದ ರಿಟರ್ನ್ ಪೈಪ್ ಹತ್ತುವ ತುತ್ತತುದಿಯ ತನಕ. ನಮ್ಮ ಉದಾಹರಣೆಯಲ್ಲಿ ಇದು ಸುಮಾರು 1 ಮೀಟರ್. ಎಲ್ಬೋ, ತಿರುವು, ಉಜ್ಜಾಟಕ್ಕೆ ಇನ್ನು 20 ಸೆಂ.ಮೀ ಸೇರಿಸಿ. 1.2 ಮೀಟರಿಗೆ ಆ 2500ರ ಪಂಪ್ ಸುಮಾರು 1300 ಲೀಟರ್ ಕೊಡುತ್ತದೆ. ನಮಗೆ ಬೇಕಾದದ್ದು 1200, ಸರಿಹೋಯಿತು. ಡಬ್ಬಿಯಲ್ಲಿ 1200 ಅಂತ ಬರೆದ ಪಂಪ್ ತಂದಿದ್ದರೆ ಮೇಲೆ ನೂಲಿನ ಹಾಗೆ ನೀರು ಬರುತ್ತಿತ್ತು, ಅಥವಾ ಬರುತ್ತಲೇ ಇರಲಿಲ್ಲ.

ಕೈಯಲ್ಲಿ ಈಗಾಗಲೇ ಪಂಪ್ ಇದ್ದರೆ ಲೆಕ್ಕ ಬಿಡಿ, ಬಕೆಟ್ ಹಿಡಿಯಿರಿ. ರಿಟರ್ನ್ ನೀರು ಬೀಳುವ ಎತ್ತರದಲ್ಲೇ ಬಕೆಟ್ ಹಿಡಿದು 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 36,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. 30 ಸೆಕೆಂಡ್ ಆದರೆ 1200. ಪೈಪನ್ನು ನೆಲದ ಮೇಲಿನ ಬಕೆಟಿಗೆ ಇಳಿಸಿ ಅಳೆಯಬೇಡಿ, ಎತ್ತರ ಕಡಿಮೆಯಾಗಿ ಅಂಕಿ ಜಾಸ್ತಿ ತೋರಿಸುತ್ತದೆ. ಬಕೆಟಿಗೆ ಹೋದ ನೀರು ಸಂಪಿನಿಂದ ಹೋದದ್ದು, ಪಂಪ್ ಒಣಗುವ ಮೊದಲು ನಿಲ್ಲಿಸಿ. ಪಂಪಿನ ಭಾಗ ಸಣ್ಣದಾಗಿದ್ದರೆ 5 ಲೀಟರ್ ಅಳೆದು 18,000ವನ್ನು ಭಾಗಿಸಿ.

ಪಂಪ್ ಜಾಸ್ತಿ ಕೊಡುತ್ತಿದ್ದರೆ ರಿಟರ್ನ್ ಪೈಪಿನಲ್ಲಿ, ಅಂದರೆ ಪಂಪಿನಿಂದ ನೀರು ಹೊರಬರುವ ಕಡೆ ವಾಲ್ವ್ ಹಾಕಿ ಕಡಿಮೆ ಮಾಡಬಹುದು. ಅಕ್ವೇರಿಯಂ ಪಂಪಿಗೆ ಇದರಿಂದ ತೊಂದರೆ ಇಲ್ಲ. ನೀರು ಹೀರುವ ಕಡೆ ಮಾತ್ರ ಯಾವತ್ತೂ ಅಡ್ಡ ಹಾಕಬೇಡಿ.

ಹಂತ 3: ಡ್ರೈನ್ ಪೈಪ್

ಇಡೀ ವಿಷಯದ ಜೀವ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಒಂದೇ ಪೈಪಿನಲ್ಲಿ ನೀರು ಎರಡು ರೀತಿ ಇಳಿಯುತ್ತದೆ. ಒಂದು, ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಗೋಡೆಯ ಬದಿಯಲ್ಲಿ ಜಾರುತ್ತಾ ಇಳಿಯುವುದು. ಇನ್ನೊಂದು, ಪೈಪ್ ಪೂರ್ತಿ ನೀರೇ ತುಂಬಿ, ಗಾಳಿ ಇಲ್ಲದೆ ಎಳೆದುಕೊಂಡು ಇಳಿಯುವುದು. ಎರಡನೆಯದಕ್ಕೆ ಸೈಫನ್ ಅನ್ನುತ್ತಾರೆ. ಗಾಳಿ ಬೆರೆತಾಗ ಒಂದಿಂಚಿನ ಪೈಪ್ ಸದ್ದಿಲ್ಲದೆ ಇಳಿಸುವುದು ಗಂಟೆಗೆ ಸುಮಾರು 1000ದಿಂದ 1200 ಲೀಟರ್. ಅದೇ ಪೈಪ್ ಸೈಫನ್ ಆದರೆ ಇದರ ಎರಡು ಮೂರು ಪಟ್ಟು ಇಳಿಸಬಲ್ಲದು. ಗುಳುಗುಳು ಸದ್ದು, ಕಕ್ಕಸಿನ ಫ್ಲಶ್ ಎಳೆದ ಹಾಗೆ ಆಗಾಗ ಬರುವ ಸದ್ದು, ಎರಡೂ ಪೈಪ್ ಅತ್ತ ಸೈಫನ್ನೂ ಆಗದೆ ಇತ್ತ ಗಾಳಿಯಲ್ಲೂ ನಿಲ್ಲದೆ ಒದ್ದಾಡುವಾಗ ಬರುವಂಥವು.

ಗಾಜಿನಲ್ಲಿ ಒಂದೇ ತೂತು ಇದ್ದರೆ ನಿಮಗಿರುವುದು ಡರ್ಸೊ ಪೈಪ್. ಅಮೆರಿಕದ ಹವ್ಯಾಸಿ ರಿಚರ್ಡ್ ಡರ್ಸೊ ಹೆಸರಿನಿಂದ ಬಂದದ್ದು. ನಿಂತ ಪೈಪಿನ ತಲೆಗೆ ಒಂದು ಟೀ, ಟೀಯ ಪಕ್ಕದ ಬಾಯಿಗೆ ಕೆಳಮುಖ ಎಲ್ಬೋ, ತಲೆಯ ಮೇಲೆ ಮುಚ್ಚಳ, ಮುಚ್ಚಳದಲ್ಲಿ ಸಣ್ಣ ತೂತು. ನೀರು ಎಲ್ಬೋದಿಂದ ಒಳಗೆ ಹೋಗುತ್ತದೆ, ಗಾಳಿ ಮುಚ್ಚಳದ ತೂತಿನಿಂದ. ತೂತನ್ನು 2 ಮಿ.ಮೀಯಿಂದ ಶುರು ಮಾಡಿ. ಫ್ಲಶ್ ಸದ್ದು ಬಂದರೆ ಗಾಳಿ ಸಾಲದು, ತೂತು ಸ್ವಲ್ಪ ದೊಡ್ಡದು ಮಾಡಿ. ಬಾಕ್ಸಿನಲ್ಲಿ ನೀರು ತೀರಾ ಮೇಲೆ ಏರುತ್ತಿದ್ದರೆ ತೂತು ಜಾಸ್ತಿ ದೊಡ್ಡದಾಗಿದೆ, ಟೇಪ್ ಅಂಟಿಸಿ ಕಿರಿದು ಮಾಡಿ.

ಎಚ್ಚರ: ಡರ್ಸೊ ಪೈಪಿಗೆ, ಅಂದರೆ ಇರುವ ಒಂದೇ ಡ್ರೈನಿಗೆ ವಾಲ್ವ್ ಹಾಕಬೇಡಿ. ಹಾಕಿದರೆ ಇಂದು ಸಮ ಆಗಿದ್ದು ನಾಳೆ ಪೈಪಿನೊಳಗೆ ಪಾಚಿ ಕಟ್ಟಿದ ಕೂಡಲೇ ತಪ್ಪುತ್ತದೆ. ಆ ನೀರಿಗೆ ಹೋಗಲು ಬೇರೆ ದಾರಿ ಇಲ್ಲ, ನೆಲಕ್ಕೇ ಬರುತ್ತದೆ.

ಎರಡು ತೂತು ಇದ್ದರೆ ಇನ್ನೂ ಒಳ್ಳೆಯದು. ಹೊಸದಾಗಿ ಟ್ಯಾಂಕ್ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ, ತೂತು ಕೊರೆಯುವಾಗಲೇ ಎರಡು ಕೊರೆಸಿ. ಹವ್ಯಾಸಿಗಳು ಇದನ್ನು ಹರ್ಬಿ ವಿಧಾನ ಅನ್ನುತ್ತಾರೆ. ಬಾಕ್ಸಿನೊಳಗೆ ಎರಡು ಪೈಪ್. ಮೊದಲನೆಯದು ಗಿಡ್ಡ, ಕೆಳಗೆ ಸಂಪಿನ ಹತ್ತಿರ ಇದಕ್ಕೆ ಗೇಟ್ ವಾಲ್ವ್. ಇದು ಸೈಫನ್ ಆಗಿ ಎಲ್ಲ ನೀರನ್ನೂ ಇಳಿಸುತ್ತದೆ. ಎರಡನೆಯದು ಉದ್ದ, ಅದರ ಬಾಯಿ ಮೊದಲನೆಯದಕ್ಕಿಂತ 4-5 ಸೆಂ.ಮೀ ಮೇಲೆ, ಆದರೆ ಬಾಕ್ಸಿನ ಹಲ್ಲಿನ ಬುಡಕ್ಕಿಂತ ಕೆಳಗೆ. ಇದಕ್ಕೆ ವಾಲ್ವ್ ಇಲ್ಲ. ಮೊದಲನೆಯದಕ್ಕೆ ಏನಾದರೂ ಆದರೆ ಕಾಯುವುದು ಇದು. ಆದ್ದರಿಂದ ಪಂಪಿನ ಪೂರ್ತಿ ನೀರನ್ನು ಒಂದೇ ಹೊರುವಷ್ಟು ದಪ್ಪ ಇರಬೇಕು. ನಮ್ಮ 1200 ಲೀಟರಿಗೆ ಮೊದಲನೆಯದು ಒಂದಿಂಚು, ಎರಡನೆಯದು ಒಂದೂಕಾಲು ಇಂಚು ಹಾಕಿದರೆ ನಿಶ್ಚಿಂತೆ. ಮೂರು ಪೈಪಿನ ಬೀನ್ ಅನಿಮಲ್ ಅನ್ನುವ ವಿಧಾನವೂ ಇದೆ. ದೊಡ್ಡ ಸಮುದ್ರನೀರಿನ ಟ್ಯಾಂಕಿಗೆ ಅದು ಸರಿ, ನಾಲ್ಕಡಿಯ ಟ್ಯಾಂಕಿಗೆ ಅಷ್ಟೆಲ್ಲ ಬೇಡ.

ಪೈಪಿನ ಕೆಳ ತುದಿಗಳನ್ನೂ ನೋಡಿ. ಸೈಫನ್ ಪೈಪ್ ಸಂಪಿನ ನೀರಿನೊಳಗೆ 1-2 ಸೆಂ.ಮೀ ಮಾತ್ರ ಮುಳುಗಿರಲಿ. ಆಳಕ್ಕೆ ಇಳಿಸಿದರೆ, ಕರೆಂಟ್ ಬಂದಾಗ ಪೈಪಿನೊಳಗಿನ ಗಾಳಿ ಹೊರಗೆ ಹೋಗಲಾರದೆ ಸೈಫನ್ ಶುರುವಾಗುವುದೇ ಇಲ್ಲ. ಎರಡನೆಯ ಪೈಪಿನ ತುದಿ ನೀರಿಗೆ ತಾಗದೆ ಮೇಲೆಯೇ ಇರಲಿ. ಅದರಲ್ಲಿ ಜೋರಾಗಿ ನೀರು ಬಿದ್ದ ಸದ್ದು ಕೇಳಿಸಿದರೆ ಮೊದಲನೆಯದು ಕಟ್ಟಿಕೊಂಡಿದೆ ಅಂತ ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗುತ್ತದೆ.

ಹಲ್ಲಿನ ವಿಷಯ ಸ್ವಲ್ಪ. 30 ಸೆಂ.ಮೀ ಉದ್ದದ ಅಂಚಿನ ಮೇಲೆ ಗಂಟೆಗೆ 1200 ಲೀಟರ್ ದಾಟಲು ಸುಮಾರು 7 ಮಿ.ಮೀ ದಪ್ಪದ ಪದರ ಬೇಕು. ಹಲ್ಲುಗಳು ಅರ್ಧ ಜಾಗ ತಿಂದರೆ ಅದು 11 ಮಿ.ಮೀ. ಮೂಲೆಯ ಪೆಟ್ಟಿಗೆಯಲ್ಲಿ ನೀರು ದಾಟುವ ಸಂದು ಒಟ್ಟು 10 ಸೆಂ.ಮೀ ಮಾತ್ರ ಇದ್ದರೆ 15 ಮಿ.ಮೀ. ಅಂಚು ಗಿಡ್ಡ ಆದಷ್ಟು ಟ್ಯಾಂಕಿನ ಮಟ್ಟ ಏರುತ್ತದೆ. ಕರೆಂಟ್ ಹೋದಾಗ ಈ ದಪ್ಪದ ನೀರೆಲ್ಲ ಸಂಪಿಗೆ ಬರುತ್ತದೆ, ನೆನಪಿರಲಿ.

ತೂತೇ ಇಲ್ಲದ ಟ್ಯಾಂಕಿಗೆ ಗಾಜಿನ ಅಂಚಿನ ಮೇಲಿಂದ ಪೈಪ್ ಬಗ್ಗಿಸಿ ನೀರು ಎಳೆಯುವ ವಿಧಾನವನ್ನು ಮೊಬೈಲಿನಲ್ಲಿ ತುಂಬ ಜನ ನೋಡಿರುತ್ತೀರಿ. ಖರ್ಚಿಲ್ಲ, ನೋಡಲು ಜಾಣತನದ ಕೆಲಸ. ಆದರೆ ಬಾಗಿನ ತಲೆಯಲ್ಲಿ ದಿನಾ ಒಂದೊಂದೇ ಗುಳ್ಳೆ ಸೇರುತ್ತಾ ಬಂದು ಒಂದು ದಿನ ಸೈಫನ್ ಕಡಿಯುತ್ತದೆ. ಪಂಪಿಗೆ ಅದು ಗೊತ್ತಾಗುವುದಿಲ್ಲ, ಹಾಕುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗುಡುಗಿದಾಗಲೆಲ್ಲ ಕರೆಂಟ್ ಹೋಗಿ ಬರುವ ನಮ್ಮ ಊರಿಗೆ ಇದು ಹೇಳಿದ್ದಲ್ಲ. ತೂತು ಕೊರೆಸಿ, ಅದಾಗದಿದ್ದರೆ ಸಂಪ್ ಬಿಟ್ಟು ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ತೆಗೆದುಕೊಳ್ಳಿ. ಕೊರೆಯುವ ಮೊದಲು ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ತಾಗಿದರೆ ಇಡೀ ಹಲಗೆ ಪುಡಿಯಾಗುತ್ತದೆ. ಕೆಲವು ಟ್ಯಾಂಕುಗಳಲ್ಲಿ ತಳ ಮಾತ್ರ ಟಫನ್ಡ್ ಇರುತ್ತದೆ.

ಹಂತ 4: ರಿಟರ್ನ್ ಪೈಪ್

ಪಂಪಿನ ಬಾಯಿ ಎಷ್ಟಿದೆಯೋ ಅದಕ್ಕಿಂತ ಪೈಪ್ ಕಿರಿದಾಗಬಾರದು. ಎಲ್ಬೋ ಆದಷ್ಟು ಕಡಿಮೆ. ಪಂಪಿನ ಹತ್ತಿರ ಒಂದು ಯೂನಿಯನ್ ಇದ್ದರೆ ತೊಳೆಯಲು ಬಿಚ್ಚುವುದು ಸುಲಭ.

ಮುಖ್ಯವಾದದ್ದು ಮೇಲಿನ ತುದಿ. ಕರೆಂಟ್ ಹೋದ ಕ್ಷಣ ಇದೇ ಪೈಪ್ ಉಲ್ಟಾ ಸೈಫನ್ ಆಗಿ ಟ್ಯಾಂಕಿನ ನೀರನ್ನು ಸಂಪಿಗೆ ಎಳೆಯುತ್ತದೆ, ತುದಿಗೆ ಗಾಳಿ ಸಿಗುವವರೆಗೂ. ಆದ್ದರಿಂದ ತುದಿಯನ್ನು ಹಲ್ಲಿನ ಬುಡದ ಮಟ್ಟದಿಂದ 2 ಸೆಂ.ಮೀಗಿಂತ ಆಳಕ್ಕೆ ಇಳಿಸಬೇಡಿ. ಹರಿವು ತಳಕ್ಕೆ ಹೋಗಲಿ ಅಂತ ಪೈಪನ್ನು ಆಳಕ್ಕೆ ಇಳಿಸಲೇಬೇಕಾದರೆ ನೀರಿನ ಮಟ್ಟದಿಂದ ಒಂದು ಸೆಂ.ಮೀ ಕೆಳಗೆ ಪೈಪಿಗೆ 3 ಮಿ.ಮೀ ತೂತು ಕೊರೆಯಿರಿ. ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಒಳಗೆ ಹೋಗಿ ಸೈಫನ್ ಕಡಿಯುತ್ತದೆ. ಈ ತೂತಿಗೆ ಪಾಚಿ ಕಟ್ಟುತ್ತದೆ, ಸಣ್ಣ ಬಸವನಹುಳು ಬಂದು ಕೂರುವುದೂ ಉಂಟು. ಹಾಗಾಗಿ ಆಳಕ್ಕೆ ಇಳಿಸದಿರುವುದೇ ನನ್ನ ಪ್ರಕಾರ ಒಳ್ಳೆಯದು.

ಒಂದು ನಾನ್ ರಿಟರ್ನ್ ವಾಲ್ವ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ತೋಟದ ಬಾವಿಯ ಮೋಟರಿನ ಫುಟ್‌ವಾಲ್ವ್ ನೋಡಿ. ಅದೂ ನೀರು ವಾಪಸ್ ಹೋಗಬಾರದು ಅಂತಲೇ ಇರುವುದು. ಆದರೂ ಒಂದು ಕಸ ಸಿಕ್ಕಿಕೊಂಡರೆ ನೀರೆಲ್ಲ ಇಳಿದುಹೋಗಿ ಮರುದಿನ ಕೊಡದಲ್ಲಿ ನೀರು ಹೊಯ್ದು ಮೋಟರ್ ಶುರು ಮಾಡಬೇಕಾಗುತ್ತದೆ. ಅಕ್ವೇರಿಯಂನಲ್ಲಿ ಕಸಕ್ಕೆ ಬರವಿಲ್ಲ. ಬೇಕಾದರೆ ಹಾಕಿ, ಅದನ್ನೇ ನಂಬಿ ಲೆಕ್ಕ ಮಾಡಬೇಡಿ.

ಹಂತ 5: ನೀರು ತುಂಬಿ ಚಾಲೂ ಮಾಡುವುದು

ಮೇನ್ ಟ್ಯಾಂಕಿಗೆ ಹಲ್ಲು ದಾಟಿ ಸುರಿಯುವ ತನಕ ನೀರು ತುಂಬಿ. ಸಂಪಿನಲ್ಲಿ ಪಂಪ್ ಚೆನ್ನಾಗಿ ಮುಳುಗುವಷ್ಟಿರಲಿ. ಎರಡು ಪೈಪಿನ ವಿಧಾನವಾದರೆ ಗೇಟ್ ವಾಲ್ವ್ ಪೂರ್ತಿ ತೆರೆದಿಟ್ಟು ಪಂಪ್ ಚಾಲೂ ಮಾಡಿ. ಪಂಪಿನ ಭಾಗದ ನೀರು ಬೇಗ ಇಳಿಯುತ್ತದೆ, ಒಣಗಲು ಬಿಡದೆ ಸಂಪಿಗೆ ನೀರು ಸೇರಿಸುತ್ತಾ ಇರಿ.

ಈಗ ಡ್ರೈನ್ ಗಾಳಿ ಎಳೆದು ಗಲಾಟೆ ಮಾಡುತ್ತಿರುತ್ತದೆ, ಸಂಪ್ ತುಂಬ ಗುಳ್ಳೆ. ಹೆದರಬೇಡಿ. ಗೇಟ್ ವಾಲ್ವನ್ನು ಕಾಲು ಸುತ್ತು ಮುಚ್ಚಿ, ಎರಡು ಮೂರು ನಿಮಿಷ ಕಾಯಿರಿ. ಬಾಕ್ಸಿನೊಳಗೆ ನೀರು ಸ್ವಲ್ಪ ಏರುತ್ತದೆ. ಮತ್ತೆ ಕಾಲು ಸುತ್ತು, ಮತ್ತೆ ಕಾಯಿರಿ. ಒಂದು ಹಂತದಲ್ಲಿ ಗಿಡ್ಡ ಪೈಪಿನ ಬಾಯಿ ಪೂರ್ತಿ ಮುಳುಗಿ, ಸುಳಿ ನಿಂತು, ಸದ್ದು ತಟಕ್ಕನೆ ಇಲ್ಲವಾಗುತ್ತದೆ. ಸಂಪಿನ ಗುಳ್ಳೆಗಳೂ ನಿಲ್ಲುತ್ತವೆ. ಸೈಫನ್ ಹಿಡಿಯಿತು ಅಂತ ಅರ್ಥ. ಇಲ್ಲಿಂದ ಇನ್ನೂ ಸೂಕ್ಷ್ಮವಾಗಿ ತಿರುಗಿಸಿ. ನೀರು ಎರಡನೆಯ ಪೈಪಿನ ಬಾಯಿಯ ಅಂಚಿಗೆ ಬಂದು, ಒಂದು ಸಣ್ಣ ಎಳೆಯಷ್ಟು ಮಾತ್ರ ಅದರೊಳಗೆ ಇಳಿಯುವಂತೆ ಮಾಡಿ ನಿಲ್ಲಿಸಿ. ಎರಡನೆಯ ಪೈಪ್ ಒಣಗಿಯೇ ಇರಬೇಕು ಅನ್ನುವವರಿದ್ದಾರೆ. ನನಗೆ ಈ ಎಳೆ ಇದ್ದರೇ ಇಷ್ಟ. ಪಂಪ್ ಸ್ವಲ್ಪ ಏರುಪೇರಾದರೂ ಎಳೆ ದಪ್ಪ ಆಗುತ್ತದೆ ಅಥವಾ ಸಣ್ಣ ಆಗುತ್ತದೆ, ವಾಲ್ವ್ ಮುಟ್ಟಬೇಕಾಗಿಲ್ಲ.

ಅವಸರ ಬೇಡ. ಕಾಯದೆ ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ಇಡೀ ಸಂಜೆ ಹೋಗುತ್ತದೆ. ಸರಿಯಾದ ಮೇಲೆ ಚಕ್ರಕ್ಕೂ ದೇಹಕ್ಕೂ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಮನೆಯ ಮಕ್ಕಳು ತಿರುಗಿಸಿದರೆ ವಾಪಸ್ ತರಬಹುದು.

ಹಂತ 6: ಕರೆಂಟ್ ತೆಗೆದು ನೋಡುವುದು

ಕರೆಂಟ್ ತಾನಾಗಿ ಹೋಗುವ ಮೊದಲು ನೀವೇ ತೆಗೆಯಿರಿ, ಹಗಲಲ್ಲಿ, ಮನೆಯಲ್ಲಿದ್ದಾಗ. ಅದಕ್ಕೂ ಮೊದಲು ಲೆಕ್ಕ ಮಾಡಿಕೊಳ್ಳಿ. ಹಲ್ಲಿನ ಮೇಲಿನ ಪದರ 1 ಸೆಂ.ಮೀ ಅಂದರೆ 5.4 ಲೀಟರ್. ರಿಟರ್ನ್ ತುದಿ ಹಲ್ಲಿನ ಬುಡದಿಂದ 2 ಸೆಂ.ಮೀ ಕೆಳಗೆ, ಇನ್ನು 10.8 ಲೀಟರ್. ಪೈಪ್, ಬಾಕ್ಸಿನದ್ದು ಸೇರಿ ಮೂರು ಲೀಟರ್ ಅನ್ನಿ. ಒಟ್ಟು 19 ಲೀಟರ್ ಕೆಳಗೆ ಬರುತ್ತದೆ.

ಸಂಪಿನ ಒಳಗೆ ಪಂಪಿನ ಭಾಗವನ್ನು ಬೇರೆ ಮಾಡುವ ಅಡ್ಡಗಾಜು 22 ಸೆಂ.ಮೀ ಎತ್ತರ, ಪಂಪಿನ ಭಾಗ 25 ಸೆಂ.ಮೀ ಉದ್ದ, ಅಲ್ಲಿ ಓಡುವಾಗಿನ ನೀರಿನ ಮಟ್ಟ 17 ಅಂತಿಟ್ಟುಕೊಳ್ಳಿ. ಬಂದ ನೀರು ಮೊದಲು ಪಂಪಿನ ಭಾಗವನ್ನು 22ರ ತನಕ ತುಂಬುತ್ತದೆ, ಅದಕ್ಕೆ 4.4 ಲೀಟರ್. ಉಳಿದದ್ದು ಇಡೀ ಸಂಪಿನ ಮೇಲೆ ಹರಡಿ ಮಟ್ಟ ಸುಮಾರು 27.6ಕ್ಕೆ ಬರುತ್ತದೆ. ಸಂಪ್ 35, ಇನ್ನೂ 7 ಸೆಂ.ಮೀ ಬಾಕಿ. ಚೆನ್ನಾಗಾಯಿತು.

ಅದೇ ರಿಟರ್ನ್ ತುದಿಯನ್ನು 10 ಸೆಂ.ಮೀ ಆಳಕ್ಕೆ ಇಳಿಸಿದ್ದರೆ? ಕೆಳಗೆ ಬರುವುದು 62 ಲೀಟರ್. ಸಂಪಿನಲ್ಲಿ ಜಾಗ ಇರುವುದು 38ಕ್ಕೆ. ಉಳಿದ 24 ಲೀಟರ್, ಅಂದರೆ ಸುಮಾರು ಎರಡು ಕೊಡ ನೀರು, ನೆಲದ ಮೇಲೆ.

ಲೆಕ್ಕ ಸರಿ ಬಂದರೆ ಪ್ಲಗ್ ತೆಗೆಯಿರಿ. ನೀರು ಇಳಿದು ನಿಲ್ಲುವ ತನಕ ನೋಡಿ, ಸಂಪಿನ ಮಟ್ಟಕ್ಕೆ ಗೆರೆ ಹಾಕಿ. ನಂತರ ಮತ್ತೆ ಚಾಲೂ ಮಾಡಿ, ಸೈಫನ್ ತಾನಾಗಿ ಹಿಡಿಯುತ್ತದೋ ನೋಡಿ. ಎರಡು ಮೂರು ನಿಮಿಷದಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಕೆಳ ತುದಿ ಜಾಸ್ತಿ ಮುಳುಗಿದೆ, ಸ್ವಲ್ಪ ಕತ್ತರಿಸಿ. ತೆಗೆದು ಹಾಕಿ ಮಾಡುವುದನ್ನು ಬೇರೆ ಬೇರೆ ಹೊತ್ತಿನಲ್ಲಿ ಕೆಲವು ಸಲ ಮಾಡಿ. ಐದು ನಿಮಿಷ ನಿಲ್ಲಿಸಿ ಶುರು ಮಾಡುವುದಕ್ಕೂ ರಾತ್ರಿಯಿಡೀ ನಿಂತು ಶುರು ಆಗುವುದಕ್ಕೂ ವ್ಯತ್ಯಾಸ ಇದೆ.

ಪಂಪ್ ಓಡುತ್ತಿರುವಾಗ ಪಂಪಿನ ಭಾಗದಲ್ಲಿ ನೀರು ಎಲ್ಲಿದೆಯೋ ಅಲ್ಲೊಂದು ದಪ್ಪ ಗೆರೆ ಎಳೆಯಿರಿ. ಮುಂದೆ ನೀರು ಸೇರಿಸುವುದು ಆ ಗೆರೆಯ ತನಕ ಮಾತ್ರ, ಅದೂ ಪಂಪ್ ಓಡುವಾಗ ಮಾತ್ರ. ಕರೆಂಟ್ ಇಲ್ಲದಾಗ ಸಂಪ್ ತುಂಬಿ ಕಾಣುತ್ತದೆ ಅಂತ ನೀರು ತೆಗೆದರೆ ಆಮೇಲೆ ಪಂಪ್ ಒಣಗುತ್ತದೆ.

ಹಂತ 7: ಡ್ರೈನ್ ಕಟ್ಟಿ ನೋಡುವುದು

ಇದನ್ನು ಮಾಡುವವರು ಕಡಿಮೆ. ಮಾಡಲೇಬೇಕು. ಬಾಕ್ಸಿಗೆ ಗಪ್ಪಿ ಮೀನು ಹಾರಿ ಬೀಳುತ್ತದೆ, ವ್ಯಾಲಿಸ್ನೇರಿಯ ಅನ್ನುವ ನೀರುಗಿಡದ ಉದ್ದ ಎಲೆ ಸುತ್ತಿಕೊಳ್ಳುತ್ತದೆ, ಮುಚ್ಚಳ ಇಲ್ಲದಿದ್ದರೆ ಗೋಡೆಯ ಹಲ್ಲಿಯೂ ಬೀಳುತ್ತದೆ.

ಮೊದಲು ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಎರಡನೆಯ ಪೈಪ್ ಒಂದೇ ಎಲ್ಲ ನೀರನ್ನೂ ಹೊರಬೇಕು, ಟ್ಯಾಂಕಿನ ಮಟ್ಟ ಏರಬಾರದು. ಏರುತ್ತಿದ್ದರೆ ಆ ಪೈಪ್ ಸಾಲದು, ಇಲ್ಲವೇ ಪಂಪ್ ಜಾಸ್ತಿ ಆಯಿತು.

ಆಮೇಲೆ ಎರಡನ್ನೂ ಮುಚ್ಚಿದರೆ ಏನಾಗುತ್ತದೆ ಅಂತ ಲೆಕ್ಕ. ಪಂಪ್ ತನ್ನ ಭಾಗದ ನೀರನ್ನು ಮಾತ್ರ ಮೇಲೆ ಹಾಕಬಲ್ಲದು. 17ರಿಂದ ಪಂಪಿನ ಬಾಯಿ ಇರುವ 5 ಸೆಂ.ಮೀ ತನಕ, ಅಂದರೆ ಸುಮಾರು 10.5 ಲೀಟರ್. ಮೇಲೆ 2 ಸೆಂ.ಮೀ ಏರಿಕೆ. ಓಡುವಾಗಿನ ಮಟ್ಟದಿಂದ ಟ್ಯಾಂಕಿನ ಅಂಚಿಗೆ 3-4 ಸೆಂ.ಮೀ ಬಿಟ್ಟಿದ್ದರೆ ಎಲ್ಲ ಪೈಪ್ ಕಟ್ಟಿಕೊಂಡರೂ ನೆಲ ಒದ್ದೆಯಾಗುವುದಿಲ್ಲ. ಪಂಪ್ ಒಣಗಿ ಸುಡಬಹುದು. ಅದಕ್ಕೆ ಒಂದು ಫ್ಲೋಟ್ ಸ್ವಿಚ್ (ನೀರು ಇಳಿದಾಗ ಪಂಪಿಗೆ ಹೋಗುವ ಕರೆಂಟ್ ಕಡಿಯುವ ಬೆಂಡು) ಹಾಕಿದರೆ ಮುಗಿಯಿತು. ಪಂಪಿನ ಭಾಗವನ್ನು ಸುಮ್ನೆ ದೊಡ್ಡದಾಗಿ ಮಾಡಿಸಬೇಡಿ ಅನ್ನುವುದು ಇದಕ್ಕೇ.

ಎಚ್ಚರ: ಆವಿಯಾದ ನೀರು ತುಂಬಲು ತಾರಸಿ ಟ್ಯಾಂಕಿನ ಪೈಪಿಗೇ ನೇರವಾಗಿ ಫ್ಲೋಟ್ ವಾಲ್ವ್ ಜೋಡಿಸುವವರಿದ್ದಾರೆ. ಡ್ರೈನ್ ಕಟ್ಟಿಕೊಂಡ ದಿನ ಸಂಪಿನ ಮಟ್ಟ ಇಳಿಯುತ್ತದೆ, ಫ್ಲೋಟ್ ತೆರೆಯುತ್ತದೆ, ತಾರಸಿಯ ಐನೂರು ಲೀಟರೂ ಹಾಲ್‌ಗೆ ಬರುತ್ತದೆ. ತಾನಾಗಿ ತುಂಬಲೇಬೇಕು ಅಂದರೆ 10 ಲೀಟರಿನ ಕ್ಯಾನಿಗೆ ಜೋಡಿಸಿ. ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಆ 10 ಲೀಟರನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮುಂದಿನ ನಿಗಾ

ಮೇನ್ ಟ್ಯಾಂಕಿನ ಮಟ್ಟ ಯಾವಾಗಲೂ ಒಂದೇ ಇರುತ್ತದೆ, ನೀರು ಆರಿದ್ದು ಕಾಣುವುದು ಪಂಪಿನ ಭಾಗದಲ್ಲಿ ಮಾತ್ರ. ಸಂಪಿನ ನೀರು ಕಡಿಮೆ ಆಯಿತು, ಸಮತೋಲ ತಪ್ಪಿತು ಅಂತ ವಾಲ್ವ್ ತಿರುಗಿಸಲು ಹೋಗಬೇಡಿ. ಆರಿದೆ ಅಷ್ಟೇ. ಮಾರ್ಚ್‌ನಿಂದ ಮೇ ತನಕ ಜಾಸ್ತಿ ಆರುತ್ತದೆ, ಜಡಿಮಳೆಯಲ್ಲಿ ಹೆಚ್ಚುಕಡಿಮೆ ಆರುವುದೇ ಇಲ್ಲ.

ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ಒಳಗಿನ ಚಕ್ರ ತೊಳೆಯಿರಿ. ನಮ್ಮ ಮುರಕಲ್ಲಿನ ನೆಲದ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅಂಥ ನೀರಾದರೆ ಸ್ಪಂಜಿಗೂ ಪಂಪಿಗೂ ಕೆಂಪು ಲೋಳೆ ಬೇಗ ಕಟ್ಟುತ್ತದೆ. ಪಂಪ್ ತೊಳೆದ ಮೇಲೆ ನೀರು ಜಾಸ್ತಿ ಬರುತ್ತದೆ, ಎರಡನೆಯ ಪೈಪಿನ ಎಳೆ ದಪ್ಪ ಆಗುತ್ತದೆ. ಆಗ ಗೇಟ್ ವಾಲ್ವನ್ನು ಸ್ವಲ್ಪವೇ ತೆರೆಯಿರಿ. ಎಳೆ ದಿನೇ ದಿನೇ ದಪ್ಪ ಆಗುತ್ತಾ ಬಂದರೆ ಸೈಫನ್ ಪೈಪಿನಲ್ಲಿ ಏನೋ ಸಿಕ್ಕಿದೆ. ವಾಲ್ವನ್ನು ಪೂರ್ತಿ ತೆರೆದು ಒಂದು ನಿಮಿಷ ಬಿಡಿ, ಎಷ್ಟೋ ಸಲ ಕಸ ಅದರಲ್ಲೇ ಕೊಚ್ಚಿ ಹೋಗುತ್ತದೆ. ನಂತರ ಮಾರ್ಕರ್ ಗೆರೆಗೆ ವಾಪಸ್ ತನ್ನಿ.

ವೈರುಗಳ ವಿಷಯ ಮರೆಯಬೇಡಿ. ಪಂಪಿನ ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದು ಮೇಲೆ ಹೋಗಲಿ. ವೈರಿನ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲೇ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಈ ಪ್ಲಗ್ ಇರುವ ಲೈನಿಗೆ, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಇಎಲ್‌ಸಿಬಿ ಇದೆಯೇ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯೇ ನೋಡಿ. ಸಂಪಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು.